ಆರು ತಿಂಗಳ ಮಾತ್ರೆ: ಕ್ಷಯ ಚಿಕಿತ್ಸೆಗೆ ಜೊತೆಯಾದ ಸ್ವಯಂಸೇವಕಿಯ ಅನುಭವ

ಕಳೆದ ವಾರ ಕೊನೆಯ ಕಫ ಪರೀಕ್ಷೆಯ ವರದಿ ಬಂತು. ಚಿಕಿತ್ಸಾ ಕಾರ್ಡಿನಲ್ಲಿ ‘ಗುಣಮುಖ’ ಎಂದು ಬರೆದು ಮುಗಿಸಿದರು. ಕಾರ್ಡು ನನ್ನದಲ್ಲ, ನಮ್ಮೂರಿನಿಂದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳದು. ಅವಳಿಗೆ ಕ್ಷಯ ಎಂದು ಗೊತ್ತಾದಾಗಿನಿಂದ ಮಾತ್ರೆ ಮುಗಿಯುವವರೆಗೆ ಚಿಕಿತ್ಸಾ ಬೆಂಬಲಕ್ಕೆಂದು ಹೆಸರು ಕೊಟ್ಟವಳು ನಾನು. ನಾನು ದಾದಿಯಲ್ಲ, ಆಶಾ ಕಾರ್ಯಕರ್ತೆಯೂ ಅಲ್ಲ. ಸ್ವಸಹಾಯ ಸಂಘದ ಲೆಕ್ಕಪುಸ್ತಕ ಬರೆಯುವವಳು. ಈ ಕೆಲಸಕ್ಕೆ ಬರುವವರಿಗೆ ಮೊದಲೇ ಯಾರಾದರೂ ಹೇಳಿದ್ದರೆ ಅರ್ಧ ಅಲೆದಾಟ ತಪ್ಪುತ್ತಿತ್ತು ಎನ್ನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಓದಿ ಹೇಳಿ, ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟಿದ್ದೇನೆ.

ಶುರುವಾದದ್ದು ಪಂಚಾಯಿತಿ ಸಭಾಂಗಣದ ತರಬೇತಿಯಿಂದ. ಅದರಲ್ಲಿ ಹೆಚ್ಚಿನ ಸಮಯ ದೀಪ ಬೆಳಗುವುದು, ಸ್ವಾಗತ, ಪ್ರತಿಜ್ಞೆ, ಬ್ಯಾನರ್ ಮುಂದೆ ಫೋಟೊ ಇವುಗಳಲ್ಲೇ ಹೋಯಿತು. ಕ್ಷಯಮುಕ್ತ ಗ್ರಾಮ ಮಾಡೋಣ ಎಂದು ಎಲ್ಲರೂ ಕೈ ಮುಂದೆ ಚಾಚಿ ಹೇಳಿದೆವು. ಊಟದ ನಂತರ ಅರ್ಧ ಜನ ಎದ್ದುಹೋದ ಮೇಲೆ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದವರೊಬ್ಬರು ಮಾತಾಡಿದರು. ಕೆಲಸಕ್ಕೆ ಬಂದದ್ದು ಆ ಮಾತು ಮಾತ್ರ. ಎರಡು ವಾರಕ್ಕಿಂತ ಹೆಚ್ಚು ಕಾಲದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಕಫದಲ್ಲಿ ರಕ್ತ. ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆಗೆ ಕಳಿಸಿ ಎಂದರು. ಜನರಿಗೆ ತಿಳಿವಳಿಕೆ ಇಲ್ಲ ಎಂದು ದೂರುವುದು ಬಿಡಿ ಎಂದೂ ಹೇಳಿದರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾದ ಕೆಲವೇ ವರ್ಷಗಳಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತಂತೆ. 1963ರಲ್ಲಿ ಪ್ರಕಟವೂ ಆಯಿತು. ಕ್ಷಯ ಇದ್ದವರಲ್ಲಿ ಬಹುಪಾಲು ಜನಕ್ಕೆ ತಮ್ಮ ತೊಂದರೆಯ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಜನ ಆಗಲೇ ವೈದ್ಯರ ಬಳಿ ಹೋಗಿಯೂ ಬಂದಿದ್ದರು. ರೋಗಿ ಬಾಗಿಲವರೆಗೆ ಹೋಗಿರುತ್ತಾನೆ, ಬಾಗಿಲಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿರುತ್ತಾರೆ ಎಂದರು ಆ ಮನುಷ್ಯ.

ನಮ್ಮ ಹುಡುಗಿಯ ಕತೆಯೂ ಅದೇ. ಕೆಮ್ಮು ಶುರುವಾಗಿ ತಿಂಗಳುಗಳಾಗಿದ್ದವು. ಕಾರ್ಖಾನೆಯ ಬಟ್ಟೆಯ ದೂಳು ಎಂದು ಒಬ್ಬರು, ಅಲರ್ಜಿ ಎಂದು ಇನ್ನೊಬ್ಬರು. ಖಾಸಗಿಯಲ್ಲಿ ಸಿರಪ್ಪು, ಚುಚ್ಚುಮದ್ದು, ರಕ್ತ ಪರೀಕ್ಷೆ, ಎಕ್ಸ್‌ರೇ ಎಂದು ಒಂದು ತಿಂಗಳ ಸಂಬಳ ಕರಗಿತ್ತು. ಸಂಘದ ಸಭೆಯಲ್ಲಿ ಅವಳು ಸೆರಗಿಗೆ ಬಾಯಿ ಒತ್ತಿ ಕೆಮ್ಮುವುದನ್ನು ನೋಡಿ, ಎಲ್ಲರೂ ಹೋದ ಮೇಲೆ ಕೇಳಿದೆ. ಎಲ್ಲರೆದುರು ಕೇಳಬೇಡಿ. ಈ ಕೆಲಸದಲ್ಲಿ ಯಾವ ಮಾತನ್ನು ಎಲ್ಲಿ ಆಡಬೇಕು ಎನ್ನುವುದು ಏನು ಆಡಬೇಕು ಎನ್ನುವಷ್ಟೇ ಮುಖ್ಯ.

ಕಫ ಕೊಡುವುದು ಸುಲಭ ಎಂದುಕೊಳ್ಳಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ಡಬ್ಬಿ ಕೊಟ್ಟರು: ಒಂದು ಅಲ್ಲೇ ಕೊಡಲು, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಮನೆಯಲ್ಲಿ ತುಂಬಲು. ಹೆಚ್ಚಿನವರು ನಾಚಿಕೆಯಿಂದ ಎಂಜಲು ಉಗುಳಿ ಕೊಟ್ಟುಬಿಡುತ್ತಾರೆ. ಎಂಜಲಿನಲ್ಲಿ ಏನೂ ಕಾಣುವುದಿಲ್ಲ, ವರದಿ ‘ಇಲ್ಲ’ ಎಂದು ಬರುತ್ತದೆ, ಕೆಮ್ಮು ಮಾತ್ರ ಮುಂದುವರಿಯುತ್ತದೆ. ಬಾಯಿ ನೀರಿನಿಂದ ಮುಕ್ಕಳಿಸಿ, ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆಯಬೇಕು. ಕೋಣೆಯೊಳಗಲ್ಲ, ಬಯಲಿನಲ್ಲಿ, ಯಾರೂ ಹತ್ತಿರ ಇಲ್ಲದ ಕಡೆ. ಮಾದರಿ ಗಟ್ಟಿಯಾಗಿ, ಲೋಳೆಯಾಗಿ ಇರಬೇಕು. ಅವಳ ಮನೆ ಹಿತ್ತಲಿನಲ್ಲಿ ನಾನು ದೂರ ನಿಂತು ಕಾದೆ. ಡಬ್ಬಿಯನ್ನು ಯಾರಿಗೂ ಕಾಣದಂತೆ ಟಿಫಿನ್ ಚೀಲದಲ್ಲಿ ಹಾಕಿಕೊಂಡು ಹೋದೆವು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲವಾದ್ದರಿಂದ ತಾಲ್ಲೂಕಿಗೆ ಓಡಾಡಿದ್ದು ನಮ್ಮಿಬ್ಬರಿಗೂ ಭಾರವಾಗಲಿಲ್ಲ. ಬಸ್ ತಪ್ಪಿದ ದಿನ ಆಟೊದವನಿಗೆ ಕೊಟ್ಟದ್ದು ಬೇರೆ ಲೆಕ್ಕ.

ತಾಲ್ಲೂಕಿನಲ್ಲಿ ಕಫವನ್ನು ಯಂತ್ರಕ್ಕೆ ಹಾಕಿ ಮಾಡುವ ಪರೀಕ್ಷೆಗೆ ಒಂದೆರಡು ಗಂಟೆ ಸಾಕು. ರೋಗಾಣು ಇದೆಯೇ, ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಎರಡನ್ನೂ ಅದು ಹೇಳುತ್ತದೆ. ನಮಗೆ ವರದಿ ಸಿಗಲು ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಒಮ್ಮೆ ಆ ಪರೀಕ್ಷೆಗೆ ಬೇಕಾದ ಚಿಪ್ ಮುಗಿದಿತ್ತು, ಒಮ್ಮೆ ಸಿಬ್ಬಂದಿ ಸಭೆಗೆ ಹೋಗಿದ್ದರು. ಕಾಯುವ ಆ ದಿನಗಳಲ್ಲಿ ಅವಳು ಊಟ ಬಿಟ್ಟಳು. ಫೋನ್ ಮಾಡಿ ವಿಚಾರಿಸಲು ಒಂದು ಸಂಖ್ಯೆ ಮೊದಲ ದಿನವೇ ಕೇಳಿ ಪಡೆದುಕೊಳ್ಳಿ. ತಾಲ್ಲೂಕಿನ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು ಎಂಬ ಹುದ್ದೆಯವರ ಸಂಖ್ಯೆ ಸಿಕ್ಕರೆ ಮುಂದಿನ ಆರು ತಿಂಗಳ ಅರ್ಧ ಬಾಗಿಲು ತೆರೆದಂತೆ. ಅವರಿಗೆ ಮೇಲೆ ಹತ್ತು ಹಳ್ಳಿಯ ಒತ್ತಡ, ಕೆಳಗೆ ಒಂದು ಬೈಕು. ಆದರೂ ಫೋನ್ ಎತ್ತುತ್ತಾರೆ.

ರೋಗ ಇದೆ, ಔಷಧಕ್ಕೆ ಬಗ್ಗುವ ಬಗೆಯದು ಎಂದು ಬಂತು. ಅಂದೇ ಕ್ಷಯ ರೋಗಿಗಳನ್ನು ನೋಂದಾಯಿಸುವ ಸರ್ಕಾರದ ನಿಕ್ಷಯ್ ತಂತ್ರಾಂಶದಲ್ಲಿ ಅವಳ ಹೆಸರು ಹತ್ತಿಸಿದರು. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮೊಬೈಲ್ ಸಂಖ್ಯೆ ಕೇಳಿದರು. ಎಲ್ಲದರ ನಕಲು ಎರಡೆರಡು ಇಟ್ಟುಕೊಳ್ಳಿ. ಆಗ ಸಿಗುವ ನಿಕ್ಷಯ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಯಾವ ಕೌಂಟರಿಗೆ ಹೋದರೂ ಮೊದಲು ಕೇಳುವುದು ಅದನ್ನೇ. ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆಯನ್ನೂ ಮಾಡುತ್ತಾರೆ. ಇದು ಕ್ಷಯ ಇರುವ ಎಲ್ಲರಿಗೂ ಮಾಡುವ ಪರೀಕ್ಷೆ ಎಂದು ದಾರಿಯಲ್ಲೇ ಹೇಳಿಟ್ಟಿದ್ದೆ. ಹೇಳದೆ ಹೋಗಿದ್ದರೆ ಆ ಚೀಟಿ ನೋಡಿ ಅವಳು ಎದ್ದು ಬಂದುಬಿಡುತ್ತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಚಿಕಿತ್ಸೆಗೆ ಯಾರು ಜೊತೆಯಾಗಬೇಕು ಎನ್ನುವುದನ್ನು ರೋಗಿಯನ್ನು ಕೇಳಿ ನಿರ್ಧರಿಸಬೇಕು. ನಮ್ಮಲ್ಲಿ ಮೊದಲು ಗಂಡನ ಹೆಸರು ಬರೆಯಲು ಹೊರಟಿದ್ದರು. ಅವಳು ನೆಲ ನೋಡುತ್ತ ನನ್ನ ಹೆಸರು ಹೇಳಿದಳು.

ಮಾತ್ರೆಗಳ ಲೆಕ್ಕ ಹೀಗೆ: ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ, ನಂತರದ ನಾಲ್ಕು ತಿಂಗಳು ಮೂರು ಔಷಧ ಸೇರಿದ ಮಾತ್ರೆ. ಒಟ್ಟು 56 ಮತ್ತು 112 ಸೇರಿ 168 ದಿನದ ಡೋಸು. ದಿನಕ್ಕೆ ಎಷ್ಟು ಮಾತ್ರೆ ಎನ್ನುವುದು ತೂಕದ ಮೇಲೆ. 35ರಿಂದ 49 ಕಿಲೋ ಇರುವವರಿಗೆ 3, 50ರಿಂದ 64 ಕಿಲೋ ಇರುವವರಿಗೆ 4. ಆದ್ದರಿಂದ ಪ್ರತಿ ತಿಂಗಳು ತೂಕ ನೋಡಿಸಿ, ಹೆಚ್ಚಾಗಿದ್ದರೆ ಡೋಸು ಬದಲಾಗಬೇಕೇ ಎಂದು ನೀವೇ ಕೇಳಿ. ಪಕ್ಕದ ಬೀದಿಯ ಹಿರಿಯರೊಬ್ಬರು ದಿನ ಬಿಟ್ಟು ದಿನ ನುಂಗಿದರೆ ಸಾಕು, ನಮ್ಮಣ್ಣ ಹಾಗೇ ಗುಣವಾದ ಎಂದು ಅವಳ ತಲೆಗೆ ತುಂಬಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಹಿಂದೆ ವಾರಕ್ಕೆ ಮೂರು ದಿನದ ಪದ್ಧತಿಯೇ ಇತ್ತು. 2017ರ ನಂತರ ದೇಶದೆಲ್ಲೆಡೆ ದಿನವೂ ನುಂಗುವ ಪದ್ಧತಿ ಬಂತು. ಹೀಗೆ ಹಳೆಯ ಸತ್ಯಗಳು ಊರಿನಲ್ಲಿ ಇನ್ನೂ ಓಡಾಡುತ್ತಿರುತ್ತವೆ, ಅವುಗಳೊಂದಿಗೆ ಜಗಳಕ್ಕೆ ನಿಲ್ಲದೆ ವಿವರಿಸಬೇಕು.

ನಾನು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಒಂದು ವಾಕ್ಯ. ಮಾತ್ರೆ ಶುರುಮಾಡುವ ಹಿಂದಿನ ಸಂಜೆ, ನಾಳೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಬೆವರು ಕಣ್ಣೀರಿಗೂ ಆ ಬಣ್ಣ ಹತ್ತಬಹುದು, ಅದು ರಿಫಾಂಪಿಸಿನ್ನಿನ ಬಣ್ಣ, ರಕ್ತವಲ್ಲ ಎಂದು ಹೇಳಿದ್ದೆ. ಮರುದಿನ ಅವಳು ಫೋನ್ ಮಾಡಿ, ಹೇಳಿದ ಹಾಗೇ ಆಯಿತು ಎಂದಳು. ಅಲ್ಲಿಂದ ಮುಂದೆ ನಾನು ಹೇಳಿದ ಮಾತಿಗೆಲ್ಲ ಬೆಲೆ ಬಂತು. ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ ಎಂದು ಅದಕ್ಕೆ ಮೊದಲು ಎಷ್ಟೋ ಜನ ಹೇಳಿದ್ದರು. ನಡೆಯಲಿರುವುದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ವಾಕರಿಕೆ ಮೊದಲ ವಾರಗಳಲ್ಲಿ ಇದ್ದೇ ಇತ್ತು. ಸ್ವಲ್ಪ ಲಘು ಆಹಾರದ ಜೊತೆ ನುಂಗಲು ವೈದ್ಯರು ಹೇಳಿದ ಮೇಲೆ ತಗ್ಗಿತು. ಕೀಲುನೋವು ಬಂತು, ಹೋಯಿತು. ಅಂಗಾಲು ಜುಮುಗುಟ್ಟಿದಾಗ ಪಿರಿಡಾಕ್ಸಿನ್ ಎಂಬ ವಿಟಮಿನ್ ಮಾತ್ರೆ ಕೊಟ್ಟರು. ಆದರೆ ಕೆಲವು ಚಿಹ್ನೆ ಕಂಡರೆ ಸಂಜೆಯವರೆಗೂ ಕಾಯಬಾರದು: ಕಣ್ಣು ಹಳದಿಯಾಗುವುದು, ಊಟ ಸೇರದೆ ವಾಂತಿ ನಿಲ್ಲದಿರುವುದು, ಮೈಯೆಲ್ಲ ದದ್ದು, ದೃಷ್ಟಿ ಮಂಜಾಗುವುದು ಅಥವಾ ಬಣ್ಣ ಗುರುತಿಸಲು ಕಷ್ಟವಾಗುವುದು. ಅಂದೇ ವೈದ್ಯರ ಬಳಿ ಹೋಗಬೇಕು. ಮಾತ್ರೆ ನಿಲ್ಲಿಸಬೇಕೋ ಬೇಡವೋ ಎಂಬ ತೀರ್ಮಾನ ಅವರದು, ನಿಮ್ಮದಲ್ಲ, ರೋಗಿಯದೂ ಅಲ್ಲ. ಇನ್ನೊಂದು ಮಾತನ್ನು ಆ ತರಬೇತಿಯಲ್ಲಿ ಯಾರೂ ಎತ್ತಲಿಲ್ಲ, ವೇದಿಕೆ ತುಂಬ ಗಂಡಸರಿದ್ದದ್ದು ಕಾರಣವೋ ಏನೋ: ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ. ಅವಳು ಅದನ್ನು ನುಂಗುತ್ತಿದ್ದಳು. ನಮ್ಮ ಆರೋಗ್ಯ ಮಂದಿರದ, ಅಂದರೆ ಊರಿನ ಆರೋಗ್ಯ ಉಪಕೇಂದ್ರದ, ಸಮುದಾಯ ಆರೋಗ್ಯ ಅಧಿಕಾರಿ ಹೆಣ್ಣುಮಗಳಾಗಿದ್ದರಿಂದ ಆ ಮಾತು ಆಯಿತು, ಬೇರೆ ವಿಧಾನ ಸೂಚಿಸಿದರು. ಹರೆಯದ ಹೆಂಗಸಿಗೆ ಜೊತೆಯಾಗುವವರು ಇದನ್ನು ಕೇಳಲೇಬೇಕು.

ಮನೆಯೊಳಗಿನ ಸಂಗತಿ ಮಾತ್ರೆಗಿಂತ ಕಹಿ. ಅವಳ ತಟ್ಟೆ, ಲೋಟ, ಚಾಪೆ ಬೇರೆಯಾದವು. ತವರಿಗೆ ಕಳಿಸಿಬಿಡುವ ಮಾತು ಬಂತು. ಅತ್ತೆ ಕೆಟ್ಟವರಲ್ಲ, ಹೆದರಿದ್ದರು. ಮನೆಯಲ್ಲಿ ಚಿಕ್ಕ ಮಗುವಿತ್ತು. ಕ್ಷಯ ಗಾಳಿಯಿಂದ ಹರಡುತ್ತದೆ, ತಟ್ಟೆ ಲೋಟದಿಂದಲ್ಲ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಲಿ, ಸರಿಯಾಗಿ ಮಾತ್ರೆ ಬಿದ್ದರೆ ಕೆಲವು ವಾರಗಳಲ್ಲೇ ಹರಡುವ ಶಕ್ತಿ ಬಹಳ ಕಡಿಮೆಯಾಗುತ್ತದೆ ಎಂದು ನಾನು ಹೇಳಿದ್ದಕ್ಕೆ ಅವರು ತಲೆಯಾಡಿಸಿದರೇ ಹೊರತು ತಟ್ಟೆ ಒಂದಾಗಲಿಲ್ಲ. ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಟ್ಟರೆ ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಇಟ್ಟಷ್ಟೇ ಫಲ, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಇಲ್ಲ ಎಂದು ಮದರಾಸಿನ ಅಧ್ಯಯನ 1959ರಲ್ಲೇ ತೋರಿಸಿಕೊಟ್ಟಿದೆ. ಅರವತ್ತು ವರ್ಷ ಕಳೆದರೂ ಆ ಸುದ್ದಿ ನಮ್ಮ ಬೀದಿಗೆ ಬಂದಿಲ್ಲ. ಕೊನೆಗೆ ನಾನು ಅವಳ ಮನೆಗೆ ಹೋದಾಗಲೆಲ್ಲ ಅವಳ ಕೈಯಿಂದ ಕಾಫಿ ಕೇಳಿ, ಅವಳ ಪಕ್ಕದಲ್ಲೇ ಕುಳಿತು ಕುಡಿಯತೊಡಗಿದೆ. ಅದು ಭಾಷಣಕ್ಕಿಂತ ಬೇಗ ನಾಟಿತು.

ಜೊತೆಯಲ್ಲಿ ವಾಸಿಸುವವರೆಲ್ಲರ ತಪಾಸಣೆಯೂ ಆಗಬೇಕು. ರೋಗ ಇಲ್ಲ ಎಂದು ಖಚಿತವಾದವರಿಗೆ ಮುಂಜಾಗ್ರತೆಯ ಔಷಧ ಕೊಡುತ್ತಾರೆ. ವಾರಕ್ಕೊಮ್ಮೆಯಂತೆ 12 ವಾರದ ಬಗೆಯೂ ಇದೆ, ದಿನವೂ ಆರು ತಿಂಗಳು ನುಂಗುವ ಬಗೆಯೂ ಇದೆ. ಮಗುವಿಗೆ ಕೊಡಿಸಲು ಎಲ್ಲರೂ ಒಪ್ಪಿದರು. ಗಂಡ ಮಾತ್ರ, ಆರಾಮಾಗಿರುವವನಿಗೆ ಯಾವ ಮಾತ್ರೆ ಎಂದು ಕೊನೆಯವರೆಗೂ ಸತಾಯಿಸಿದ. ರೋಗಿಯನ್ನು ಒಪ್ಪಿಸುವುದು ಸುಲಭ, ರೋಗವಿಲ್ಲದವನನ್ನು ಒಪ್ಪಿಸುವುದು ಕಷ್ಟ.

ಕೆಲಸದ ವಿಚಾರದಲ್ಲಿ ನಿಜಕ್ಕೂ ಸಿಟ್ಟು ಬಂತು. ಕಾರ್ಖಾನೆಯ ಮೇಲ್ವಿಚಾರಕ ರಾಜೀನಾಮೆ ಬರೆದುಕೊಟ್ಟು ಹೋಗು, ಗುಣವಾದ ಮೇಲೆ ನೋಡೋಣ ಎಂದಿದ್ದ. ಸಂಬಳದ ಚೀಟಿಯಲ್ಲಿ ನೌಕರರ ರಾಜ್ಯ ವಿಮೆಗೆ, ಎಲ್ಲರೂ ಇಎಸ್‌ಐ ಎನ್ನುವುದಕ್ಕೆ, ತಿಂಗಳು ತಿಂಗಳು ಹಣ ಕಡಿತವಾಗುತ್ತಿತ್ತು. ಅದು ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ತಿಳಿದದ್ದು ಆಗಲೇ. ವಂತಿಗೆಯ ಷರತ್ತು ಪೂರೈಸಿದವರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡ 70ರಷ್ಟು ಸಿಗುತ್ತದೆ. ಕ್ಷಯ ಅದರ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ವಿಮೆಯಡಿ ದುಡಿದವರಿಗೆ ಅದಕ್ಕಿಂತ ಹೆಚ್ಚು ಕಾಲ, ಶೇಕಡ 80ರ ದರದಲ್ಲಿ ಕೊಡುವ ಅವಕಾಶವೂ ಇದೆ. ಕಾರ್ಖಾನೆ ಬದಲಾದರೂ ವಿಮಾ ಸಂಖ್ಯೆ ಅದೇ ಉಳಿಯುತ್ತದೆ. ಆದರೆ ಸರ್ಟಿಫಿಕೇಟು ಇಎಸ್‌ಐ ವೈದ್ಯರಿಂದಲೇ ಬರಬೇಕು, ಸರ್ಕಾರಿ ಆಸ್ಪತ್ರೆಯ ಚೀಟಿ ನೇರವಾಗಿ ನಡೆಯುವುದಿಲ್ಲ ಎಂದು ಕೌಂಟರಿನಲ್ಲಿ ವಾಪಸು ಕಳಿಸಿದರು. ಕಫದ ವರದಿ, ಚಿಕಿತ್ಸಾ ಕಾರ್ಡು ಎರಡನ್ನೂ ತೋರಿಸಿ ಅಲ್ಲಿಯ ವೈದ್ಯರಿಂದ ಬರೆಸಿಕೊಂಡೆವು. ಒಂದು ಮಾತು ನೆನಪಿಡಿ: ಯಾರೇ ಹೇಳಲಿ, ರಾಜೀನಾಮೆ ಮಾತ್ರ ಬರೆದುಕೊಡಬೇಡಿ. ಎರಡನೆಯ ತಿಂಗಳ ಕೊನೆಯಲ್ಲಿ ಮಾಡಿದ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಆಮೇಲೆ ಕೆಲವು ವಾರ ಸುಧಾರಿಸಿಕೊಂಡು ಅವಳು ಅದೇ ಹೊಲಿಗೆ ಯಂತ್ರದ ಮುಂದೆ ಮತ್ತೆ ಕುಳಿತಳು.

ಪೌಷ್ಟಿಕ ಆಹಾರದ ಹಣಕ್ಕೆ ಬರೋಣ. ನಿಕ್ಷಯ್ ಪೋಷಣ್ ಯೋಜನೆ 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾಗಿ 2024ರ ನವೆಂಬರ್‌ನಿಂದ 1,000 ರೂಪಾಯಿಯಾಗಿದೆ. ಆರು ತಿಂಗಳ ಚಿಕಿತ್ಸೆಗೆ 3,000ದಂತೆ ಎರಡು ಕಂತು: ಮೊದಲನೆಯದು ರೋಗ ಪತ್ತೆಯಾದಾಗ, ಎರಡನೆಯದು 84 ದಿನದ ಚಿಕಿತ್ಸೆ ಮುಗಿದ ಮೇಲೆ. ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರಿಗೂ, ಹೆಸರು ನಿಕ್ಷಯ್‌ನಲ್ಲಿದ್ದರೆ, ಇದು ಸಲ್ಲುತ್ತದೆ. ನಮ್ಮ ಮೊದಲ ಕಂತು ಬರಲೇ ಇಲ್ಲ. ಕಾರಣ ಹುಡುಕಿದರೆ ಅವಳ ಪಾಸ್‌ಬುಕ್ಕು ಮದುವೆಗೆ ಮುಂಚಿನದು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕರಾವಳಿಯಲ್ಲಿ ಹುಟ್ಟಿ ನಾಡೆಲ್ಲ ಶಾಖೆ ಹರಡಿದ್ದ ಅಂಥ ಬ್ಯಾಂಕುಗಳ ಹಳೆಯ ಪಾಸ್‌ಬುಕ್ಕು ಎಷ್ಟು ಟ್ರಂಕುಗಳಲ್ಲಿವೆಯೋ! ಅದರಲ್ಲಿರುವ ಐಎಫ್‌ಎಸ್‌ಸಿ ಸಂಕೇತ ಈಗ ನಡೆಯುವುದಿಲ್ಲ. ಸಾಲದ್ದಕ್ಕೆ ಖಾತೆ ವ್ಯವಹಾರವಿಲ್ಲದೆ ಮಲಗಿತ್ತು, ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರು, ಆಧಾರಿನಲ್ಲಿ ಗಂಡನ ಹೆಸರು. ಕೆವೈಸಿ ಮಾಡಿಸಿ, ಹೊಸ ಪಾಸ್‌ಬುಕ್ಕು ಮುದ್ರಿಸಿಕೊಂಡು, ತಾಲ್ಲೂಕಿನಲ್ಲಿ ಖಾತೆಯ ವಿವರ ತಿದ್ದಿಸಿದ ಮೇಲೆ ಎರಡೂ ಕಂತು ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಬಲ ಬೇಕಾದ ಮೊದಲ ತಿಂಗಳುಗಳಲ್ಲಿ ಮೊಟ್ಟೆ, ಕಡಲೆಗೆ ಸಂಘದಿಂದ ಸಾಲ ಎತ್ತಬೇಕಾಯಿತು. ಹಾಗಾಗಿ ಪಾಸ್‌ಬುಕ್ಕನ್ನು ನೋಂದಣಿಯ ದಿನಕ್ಕೆ ಮೊದಲೇ ನೋಡಿಬಿಡಿ.

ನಿಕ್ಷಯ್ ಮಿತ್ರರು ಕೊಡುವ ಆಹಾರದ ಕಿಟ್ಟಿನ ವಿಷಯವನ್ನೂ ಹೇಳಬೇಕು. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಏರ್ಪಾಡಿನಲ್ಲಿ ಯಾರು ಬೇಕಾದರೂ ರೋಗಿಗಳ ಆಹಾರದ ಹೊಣೆ ಹೊರಬಹುದು, ರೋಗಿ ಒಪ್ಪಿದರೆ ಮಾತ್ರ. ಆಹಾರಕ್ಕೆ ಬೆಲೆಯಿದೆ: ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಯ ಮನೆಯವರಿಗೂ ಪೌಷ್ಟಿಕ ಪಡಿತರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡ 39ರಷ್ಟು ತಗ್ಗಿತು. ನಮ್ಮ ದಾನಿಗಳ ಮನಸ್ಸೂ ಒಳ್ಳೆಯದೇ, ಆದರೆ ಕಿಟ್ಟನ್ನು ಪಂಚಾಯಿತಿ ಮುಂದೆ, ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಫೋಟೊದ ಜೊತೆ ಕೊಡುವ ಯೋಜನೆ ಅವರದು. ಅವಳು ಬರುವುದಿಲ್ಲ ಎಂದಳು. ಫೋಟೊ ಇಲ್ಲದಿದ್ದರೆ ಲೆಕ್ಕ ಹೇಗೆ ಎಂದು ಅವರು ಕೇಳಿದರು. ಸ್ವೀಕೃತಿಯ ಚೀಟಿಗೆ ಅವಳ ಸಹಿ ಹಾಕಿಸಿ ತಂದುಕೊಡುತ್ತೇನೆ ಎಂದು ನಾನು ಪಟ್ಟು ಹಿಡಿದೆ. ಒಪ್ಪಿದರು, ಮುಖ ಸಿಂಡರಿಸಿಕೊಂಡು. ಗುಟ್ಟು ಕಾಯುವ ಹೊಣೆ ಸ್ವಯಂಸೇವಕರದೇ. ನಿಮ್ಮ ಮನೆಯವರಿಗೂ ಹೇಳಬೇಡಿ.

ಮೊದಲೆರಡು ತಿಂಗಳಿಗಿಂತ ನಾಲ್ಕನೆಯ ತಿಂಗಳು ಹೆಚ್ಚು ಅಪಾಯದ್ದು ಎಂದು ನನ್ನ ಅನುಭವ. ಕೆಮ್ಮು ನಿಂತಿದೆ, ತೂಕ ಏರಿದೆ, ಮುಖಕ್ಕೆ ಕಳೆ ಬಂದಿದೆ. ಇನ್ನೇಕೆ ಮಾತ್ರೆ ಎನ್ನುವ ಪ್ರಶ್ನೆ ಆಗ ಹುಟ್ಟುತ್ತದೆ. ಒಂದು ಹಬ್ಬಕ್ಕೆ ತವರಿಗೆ ಹೋದವಳು ಮಾತ್ರೆಯ ಸ್ಟ್ರಿಪ್ಪನ್ನು ಇಲ್ಲೇ ಬಿಟ್ಟಿದ್ದಳು. ತವರೂರಿನ ಆರೋಗ್ಯ ಕೇಂದ್ರಕ್ಕೆ ನಿಕ್ಷಯ್ ಸಂಖ್ಯೆ ತಿಳಿಸಿ, ಅಲ್ಲಿಂದ ಕೆಲವು ದಿನದ ಮಾತ್ರೆ ಕೊಡಿಸಲು ನಮ್ಮ ಮೇಲ್ವಿಚಾರಕರು ಫೋನಿನಲ್ಲೇ ವ್ಯವಸ್ಥೆ ಮಾಡಿದರು. ಊರು ಬಿಟ್ಟರೂ ಚಿಕಿತ್ಸೆ ಬಿಡಬೇಕಿಲ್ಲ, ದೇಶದ ಯಾವ ಸರ್ಕಾರಿ ಕೇಂದ್ರಕ್ಕಾದರೂ ವರ್ಗ ಮಾಡಿಸಿಕೊಳ್ಳಬಹುದು. ಸಂದೇಹವಿದ್ದರೆ 1800-11-6666 ಎಂಬ ಉಚಿತ ಸಹಾಯವಾಣಿ ಇದೆ. ಔಷಧ ಬರುವುದು ತಡವಾಗುವ ಸುಳಿವು ಸಿಕ್ಕರೆ ಕೈಯಲ್ಲಿರುವ ಸ್ಟ್ರಿಪ್ಪು ಮುಗಿಯುವ ಒಂದು ವಾರ ಮೊದಲೇ ಕೇಳತೊಡಗಿ.

ಈಗ ಉಳಿದಿರುವುದು ನನ್ನ ಗೌರವಧನ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಪೂರ್ಣಗೊಳಿಸಿದರೆ ಜೊತೆಯಾದವರಿಗೆ 1,000 ರೂಪಾಯಿ, ಔಷಧಕ್ಕೆ ಬಗ್ಗದ ಕ್ಷಯಕ್ಕೆ 5,000. ಅರ್ಜಿ, ಆಧಾರ್, ನನ್ನ ಪಾಸ್‌ಬುಕ್ಕಿನ ನಕಲು ಕೊಟ್ಟು ಬಂದಿದ್ದೇನೆ. ಈ ಸಲ ಐಎಫ್‌ಎಸ್‌ಸಿ ಮೊದಲೇ ನೋಡಿಕೊಂಡೆ. ಅದು ಯಾವಾಗ ಬರುತ್ತದೋ ಬರಲಿ. ಅವಳಿಗೆ ಇನ್ನು ಎರಡು ವರ್ಷ, ಆರು ತಿಂಗಳಿಗೊಮ್ಮೆ ತಪಾಸಣೆ ಇದೆ. ‘ಗುಣಮುಖ’ ಎಂದು ಬರೆದ ಮೇಲೆ ಇದನ್ನು ಯಾರೂ ನೆನಪಿಸುವುದಿಲ್ಲ. ಮೊದಲ ತಪಾಸಣೆಯ ತಾರೀಖನ್ನು ಅವಳ ಮೊಬೈಲಿನಲ್ಲೂ ನನ್ನ ಸಂಘದ ಲೆಕ್ಕಪುಸ್ತಕದಲ್ಲೂ ಬರೆದಿದ್ದೇವೆ, ಆ ದಿನಕ್ಕೆ ಕಾರ್ಖಾನೆಯಲ್ಲಿ ರಜೆಯನ್ನೂ ಈಗಲೇ ಕೇಳಿಟ್ಟಿದ್ದಾಳೆ.